ಕಾರನ್ನು ದಿನಾ ಒರೆಸಬೇಡಿ

ಹೊಸ ಕಾರು ತಂದ ಮೇಲೆ ಆರು ತಿಂಗಳು ನಾನು ದಿನಾ ಬೆಳಿಗ್ಗೆ ಅದನ್ನು ಒಣಬಟ್ಟೆಯಲ್ಲಿ ಒರೆಸಿದೆ. ಒಂದು ಮಧ್ಯಾಹ್ನ ಬಿಸಿಲಲ್ಲಿ ನೋಡಿದರೆ ಬಾನೆಟ್ ತುಂಬಾ ಜೇಡರಬಲೆಯಂತೆ ಸಣ್ಣ ಸಣ್ಣ ಗೀರು. ಎಲ್ಲವೂ ನನ್ನ ಕೈಯದೇ ಕೆಲಸ.

ಬಣ್ಣದ ಮೇಲಿರುವ ಪಾರದರ್ಶಕ ಪದರದ, ಅಂದರೆ ಕ್ಲಿಯರ್ ಕೋಟ್‌ನ, ದಪ್ಪ ಸುಮಾರು 40-50 ಮೈಕ್ರಾನ್ ಅಷ್ಟೇ, ತಲೆಕೂದಲಿಗಿಂತ ತೆಳು. ಬೆಂಗಳೂರಿನ ಧೂಳಿನಲ್ಲಿ ಮರಳು, ಸಿಮೆಂಟು ಎಲ್ಲ ಸೇರಿರುತ್ತದೆ. ಅದರ ಮೇಲೆ ಬಟ್ಟೆ ಆಡಿಸುವುದೂ ಒಂದೇ, ಉಪ್ಪುಕಾಗದದಲ್ಲಿ ಉಜ್ಜುವುದೂ ಒಂದೇ. ಅಪಾರ್ಟ್‌ಮೆಂಟ್‌ಗಳಲ್ಲಿ ಒಂದೇ ಬಕೆಟ್ ನೀರಲ್ಲಿ ಸಾಲಾಗಿ ಕಾರು ಒರೆಸಿಸುತ್ತೇವಲ್ವಾ, ಅಲ್ಲೂ ಇದೇ ಆಗುವುದು. ಒರೆಸುವವರ ತಪ್ಪಲ್ಲ, ಅವರಿಗೆ ಸಿಗುವುದು ಅಷ್ಟೇ ನೀರು, ಅಷ್ಟೇ ಹೊತ್ತು. ದಿನಾ ಗಾಜು ಒರೆಸಿದರೆ ಸಾಕು ಎಂದು ಹೇಳಿ, ಅದಕ್ಕೆ ನಿಮ್ಮದೇ ಬಟ್ಟೆ ಕೊಡಿ.

ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ತೊಳೆಯಿರಿ, ಆದರೆ ಸರಿಯಾಗಿ ತೊಳೆಯಿರಿ. ಕಾರು ನೆರಳಲ್ಲಿರಲಿ, ಬಾನೆಟ್ ತಣ್ಣಗಾಗಿರಲಿ. ಮೊದಲು ಬಟ್ಟೆ ಮುಟ್ಟಿಸದೆ ಮೇಲಿನಿಂದ ನೀರು ಸುರಿದು ಧೂಳು ಇಳಿಸಿ. ಆಮೇಲೆ ಎರಡು ಬಕೆಟ್ ಬೇಕು: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಒಂದು ಭಾಗ ಉಜ್ಜಿದ ಕೂಡಲೇ ಮೈಕ್ರೋಫೈಬರ್ ಬಟ್ಟೆಯನ್ನು ಬರೀ ನೀರಲ್ಲಿ ಜಾಲಿಸಿ ಹಿಂಡಿ, ಆಮೇಲೆಯೇ ಶಾಂಪೂಗೆ ಅದ್ದಿ. ಚಕ್ರ ಕೊನೆಗೆ, ಅದಕ್ಕೆ ಬೇರೆ ಬಟ್ಟೆ. ಪಾತ್ರೆ ತೊಳೆಯುವ ಲಿಕ್ವಿಡ್ ಮಾತ್ರ ಬೇಡ, ಹಚ್ಚಿದ ವ್ಯಾಕ್ಸ್ ಎಲ್ಲ ಕಿತ್ತುಕೊಂಡು ಹೋಗುತ್ತದೆ.

ನೀರಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. 2024ರ ಮಾರ್ಚ್‌ನಲ್ಲಿ ನೀರಿಗೆ ಪರದಾಡುತ್ತಿದ್ದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. ದಂಡದ ಮಾತು ಬಿಡಿ, ಪಕ್ಕದ ಬೀದಿಯವರು ಟ್ಯಾಂಕರ್‌ಗೆ ಕಾಯುತ್ತಿರುವಾಗ ಪೈಪ್ ಹಿಡಿದು ಕಾರು ತೊಳೆಯಲು ಮನಸ್ಸಾದರೂ ಹೇಗೆ ಬರುತ್ತದೆ? ಬೋರ್‌ವೆಲ್ ನೀರು ಗಡಸು, ತಾನಾಗಿ ಒಣಗಲು ಬಿಟ್ಟರೆ ಬಿಳಿ ಕಲೆ ಕೂರುತ್ತದೆ, ಹಾಗಾಗಿ ತೊಳೆದ ತಕ್ಷಣ ಒರೆಸಿಬಿಡಿ. ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. ಕಲೆ ಕಡಿಮೆ, ಮಗ್ಗಿನಲ್ಲಿ ಸುರಿದುಕೊಂಡರೆ ನಾಲ್ಕೈದು ಬಕೆಟ್ ಸಾಕು.

ತಡ ಮಾಡಬಾರದ್ದು ಹಕ್ಕಿ ಹಿಕ್ಕೆ ವಿಷಯದಲ್ಲಿ. ಬಿಸಿಲಿಗೆ ಒಣಗಿದರೆ ಅದು ಬಣ್ಣವನ್ನೇ ತಿನ್ನುತ್ತದೆ. ಉಗುರು ಹಾಕಬೇಡಿ. ಒದ್ದೆ ಟಿಶ್ಯೂ ಐದು ನಿಮಿಷ ಇಟ್ಟು, ನೆನೆದ ಮೇಲೆ ಮೆಲ್ಲಗೆ ಎತ್ತಿ. ಆಯುಧಪೂಜೆಗೆ ಅರಿಶಿನ ಕುಂಕುಮ ಹಚ್ಚಲೇಬೇಕು, ಬಿಳಿ ಕಾರಾದರೆ ಗಾಜಿನ ಮೇಲೆ ಹಚ್ಚಿ.

ಧೂಳು ಹಿಡಿದ ಕಾರಿಗೆ ಕವರ್ ಹಾಕಬೇಡಿ, ಗಾಳಿಗೆ ಅದೇ ಉಜ್ಜುತ್ತದೆ. ಇನ್ನು ಮಕ್ಕಳು ಕೆಸರು ಕಾಲಲ್ಲಿ ಹತ್ತಿದರೆ ಸುಮ್ನೆ ಬೈಯಬೇಡಿ. ರಬ್ಬರ್ ಮ್ಯಾಟ್ ಹಾಕಿಸಿ, ಮನೆಗೆ ಬಂದ ಮೇಲೆ ತೆಗೆದು ತೊಳೆದರೆ ಆಯಿತು.