ಹತ್ತನೇ ಕ್ಲಾಸಿನ ಮಗು ‘ಫ್ಯಾಷನ್ ಓದ್ತೀನಿ’ ಅಂದಾಗ ಏನು ಮಾಡಬೇಕು?

ನನ್ನ ಅಕ್ಕನ ಮಗಳು ಬಳ್ಳಾರಿಯಲ್ಲಿ ಎಸ್ಸೆಸ್ಸೆಲ್ಸಿ ಬರೆದು ಮುಗಿಸಿದ ವಾರವೇ, ‘ಮಾಮಾ, ನಾನು ಫ್ಯಾಷನ್ ಓದ್ತೀನಿ’ ಅಂದಳು. ಮನೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಯಾಕೆ, ಗಣಿತ ಬರಲ್ವಾ? ಆ ಪ್ರಶ್ನೆಯೇ ತಪ್ಪು. ಉಡುಪು, ಅಡುಗೆ, ಹೋಟೆಲ್, ಒಳಾಂಗಣ ವಿನ್ಯಾಸ, ಈ ನಾಲ್ಕೂ ನಡೆಯುವುದು ಅಳತೆ ಮತ್ತು ಲೆಕ್ಕದ ಮೇಲೆ. ಮಾರ್ಕ್ಸ್ ಕಮ್ಮಿ ಬಂದವರನ್ನು ಕಳಿಸುವ ಜಾಗ ಅಂತ ಇವನ್ನು ನೋಡಬೇಡಿ. ಫೀಸಿನ ಮಾತು ಆಮೇಲೆ, ಮೊದಲು ಮಗುವಿನ ಕೈಗೆ ಕೆಲಸ ಕೊಟ್ಟು ನೋಡಿ.

ಶಾಲೆಯಲ್ಲೇ ವಿಚಾರಿಸಿ

ನಮ್ಮ ರಾಜ್ಯದ ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಒಂಬತ್ತನೇ ತರಗತಿಯಿಂದ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿ ವೃತ್ತಿ ವಿಷಯಗಳಿವೆ. ತೃತೀಯ ಭಾಷೆಯ ಬದಲು ತಗೊಳ್ಳಬಹುದು. ಐಟಿ, ರೀಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ಜೊತೆ ಉಡುಪು ತಯಾರಿಕೆಯೂ ಇದೆ. ಎಲ್ಲ ಶಾಲೆಯಲ್ಲೂ ಎಲ್ಲವೂ ಇರುವುದಿಲ್ಲ, ಹಾಗಾಗಿ ಎಂಟನೇ ತರಗತಿ ಮುಗಿಯುವಾಗಲೇ ಹೆಡ್‌ಮಾಸ್ಟರನ್ನು ಕೇಳಿ. ಸಿಬಿಎಸ್‌ಇ ಪಟ್ಟಿಯಲ್ಲಿ ಫುಡ್ ಪ್ರೊಡಕ್ಷನ್, ಫ್ರಂಟ್ ಆಫೀಸ್ (ಹೋಟೆಲಿನ ರಿಸೆಪ್ಷನ್ ಕೆಲಸ) ಇವೆ. ಹನ್ನೊಂದರಿಂದ ಫ್ಯಾಷನ್ ಸ್ಟಡೀಸ್ ಕೂಡ ಇದೆ.

ರಜೆಯಲ್ಲಿ ಮಾಡಿಸಿ ನೋಡಿ

ಫ್ಯಾಷನ್ ಅನ್ನುವ ಮಗುವಿಗೆ ಒಂದು ಹಳೆ ಜೀನ್ಸ್ ಪ್ಯಾಂಟ್ ಕೊಡಿ. ನಮ್ಮ ಬಳ್ಳಾರಿಯಲ್ಲಿ ಜೀನ್ಸಿಗೇನು ಬರ, ಅಲ್ವಾ? ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಲಿ. ಮುಂದಿನ ಎರಡು ಭಾಗ, ಹಿಂದಿನ ಎರಡು, ಸೊಂಟದ ಕೆಳಗಿನ ಯೋಕ್ ಎರಡು, ಸೊಂಟಪಟ್ಟಿ, ಜಿಪ್ ಕೂರುವ ತುಂಡು, ಜೇಬುಗಳು, ಬಲಗಡೆ ಜೇಬಿನೊಳಗಿನ ಪುಟ್ಟ ಜೇಬು, ಬೆಲ್ಟ್ ಲೂಪುಗಳು, ಹೀಗೆ ಬಿಚ್ಚುತ್ತಾ ಹೋದರೆ ಒಂದು ಪ್ಯಾಂಟಿನಲ್ಲಿ ಇಷ್ಟೊಂದು ತುಂಡು ಇರುತ್ತವಾ ಅಂತ ದೊಡ್ಡವರಿಗೂ ಆಶ್ಚರ್ಯ ಆಗುತ್ತದೆ. ಎಲ್ಲವನ್ನೂ ಹಳೆ ಪೇಪರ್ ಮೇಲೆ ಇಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಲಿ. ಹೊಲಿಗೆಗೆ ಎಷ್ಟು ಅಂಚು ಬಿಟ್ಟಿದ್ದಾರೆ ಅಂತ ಟೇಪಿನಲ್ಲಿ ಅಳೆಯಲಿ. ಗಟ್ಟಿಯಾದ ಹೊಲಿಗೆ ಇರುವ ಕಡೆ ಎರಡು ಅಂಚನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿದಿರುತ್ತಾರೆ, ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಲಿ. ಆಮೇಲೆ ಒಂದು ಕಾಲನ್ನು ವಾಪಸ್ ಜೋಡಿಸಲಿ.

ನಮ್ಮ ಹುಡುಗಿ ಎರಡು ದಿನ ಇದರಲ್ಲೇ ಕೂತಿದ್ದಳು. ಪೇಪರಿನಲ್ಲಿ ಒಂದು ಕಾಲು ಇನ್ನೊಂದಕ್ಕಿಂತ ಅರ್ಧ ಇಂಚು ಉದ್ದ ಬಂತು. ‘ಈ ಅರ್ಧ ಇಂಚು ಎಲ್ಲಿಂದ ಬಂತು ಮಾಮಾ?’ ಅಂತ ಊಟ ಬಿಟ್ಟು ಹುಡುಕಿದಳು. ಮೊಣಕಾಲಿನ ಹತ್ತಿರ ಬಟ್ಟೆ ಜಗ್ಗಿತ್ತು, ಅದನ್ನು ಎಳೆದು ಹಿಡಿದು ಗೆರೆ ಹಾಕಿದ್ದಳು. ಅದು ಗೊತ್ತಾದಾಗ ಅವಳ ಮುಖ ನೋಡಬೇಕಿತ್ತು. ಅವತ್ತೇ ನನಗೆ ನಂಬಿಕೆ ಬಂತು.

ಪರಿಚಯದ ಹೊಲಿಗೆ ಘಟಕ ಇದ್ದರೆ ಒಂದು ಮಧ್ಯಾಹ್ನ ಕರೆದುಕೊಂಡು ಹೋಗಿ. ನೋಡುವುದಕ್ಕೆ ಮಾತ್ರ. 14 ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ, 18ರ ತನಕ ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಬಣ್ಣ, ರಾಸಾಯನಿಕ ಇರುವ ವಾಷಿಂಗ್ ಕಡೆಗಂತೂ ಬಿಡಲೇಬೇಡಿ. ಸಂಡೂರಿನ ಲಂಬಾಣಿ ಕಸೂತಿ, ಕುಷ್ಟಗಿ ಕಡೆ ನೇಯುವ ಇಳಕಲ್ ಸೀರೆ, ಇವನ್ನೂ ಹತ್ತಿರದಿಂದ ತೋರಿಸಿ.

ಅಡುಗೆ ಅನ್ನುವವರಿಗೆ ಪರೀಕ್ಷೆ ಬೇರೆ. ನಾಲ್ಕು ಜನಕ್ಕೆ ಮಾಡುವ ಮಂಡಕ್ಕಿ ಒಗ್ಗರಣೆಯನ್ನು ಇಪ್ಪತ್ತು ಜನಕ್ಕೆ ಮಾಡಿಸಿ. ಎಲ್ಲವನ್ನೂ ತೂಕ ಹಾಕಿ ಬರೆದುಕೊಳ್ಳಲಿ. ಎಣ್ಣೆ, ಉಪ್ಪು, ಹಸಿಮೆಣಸಿನಕಾಯಿಯನ್ನು ಸುಮ್ನೆ ಐದು ಪಟ್ಟು ಮಾಡಿದರೆ ರುಚಿ ಕೆಡುತ್ತದೆ, ಅದನ್ನು ತಾನೇ ಕಂಡುಕೊಳ್ಳಲಿ. ಗ್ಯಾಸು ಸೇರಿ ಒಂದು ಪ್ಲೇಟಿಗೆ ಎಷ್ಟು ಬಿತ್ತು ಅಂತ ಲೆಕ್ಕ ಕೊಡಲಿ. ಪಾತ್ರೆ ತೊಳೆಯುವುದೂ ಅವರದೇ ಕೆಲಸ. ದೊಡ್ಡ ಅಡುಗೆಮನೆಯಲ್ಲಿ ದಿನವಿಡೀ ನಿಂತೇ ಇರಬೇಕು, ಮನೆಯಲ್ಲಿ ಒಂದು ಕೇಕ್ ಚೆನ್ನಾಗಿ ಬಂದಿದ್ದಕ್ಕೇ ಕೋರ್ಸಿಗೆ ಸೇರಿಸಬೇಡಿ.

ಹೋಟೆಲ್ ಕೆಲಸದ ರುಚಿ ನೋಡಲು ಕೊಪ್ಪಳದವರಿಗೆ ಗವಿಮಠದ ಜಾತ್ರೆ ಇದೆಯಲ್ಲ. ನೆಂಟರು ಬಂದಾಗ ಯಾರು ಎಲ್ಲಿ ಮಲಗಬೇಕು, ಹಾಸಿಗೆ ಎಷ್ಟು ಬೇಕು, ಬೆಳಿಗ್ಗೆ ಬಿಸಿನೀರು ಯಾವ ಸರದಿಯಲ್ಲಿ, ಎಲ್ಲ ಜವಾಬ್ದಾರಿ ಮಗುವಿಗೇ ಬಿಡಿ. ಸಿಡುಕುವ ದೊಡ್ಡಪ್ಪನ ಹತ್ತಿರವೂ ನಗುತ್ತಾ ಮಾತಾಡುತ್ತಾರಾ, ಅದನ್ನು ಗಮನಿಸಿ. ಹಂಪಿ, ಆನೆಗೊಂದಿ, ಹೊಸಪೇಟೆ ಹತ್ತಿರದಲ್ಲೇ ಇರುವುದರಿಂದ ರಾತ್ರಿ ಪಾಳಿ ಮಾಡುವ ಒಬ್ಬ ರಿಸೆಪ್ಷನಿಸ್ಟ್ ಜೊತೆ ಮಾತಾಡಿಸುವುದೂ ಕಷ್ಟವಲ್ಲ.

ಒಳಾಂಗಣ ವಿನ್ಯಾಸ ಅಂದರೆ ಗೋಡೆಯ ಬಣ್ಣ, ಪರದೆ ಇಷ್ಟೇ ಅಂತ ತುಂಬಾ ಮಕ್ಕಳು ಅಂದುಕೊಂಡಿರುತ್ತಾರೆ. ತಮ್ಮ ಕೋಣೆಯನ್ನೇ ಅಳೆದು, ಒಂದು ಅಡಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಗ್ರಾಫ್ ಹಾಳೆಯ ಮೇಲೆ ಬರೆಯಲಿ. ಬಾಗಿಲು ತೆರೆದರೆ ಮಂಚಕ್ಕೆ ತಾಗುತ್ತಾ? ಏಪ್ರಿಲ್ಲಿನ ಸಂಜೆ ನಾಲ್ಕಕ್ಕೆ ಯಾವ ಗೋಡೆ ಕಾದಿರುತ್ತದೆ? ಅಜ್ಜನ ಮಣ್ಣಿನ ಮಾಳಿಗೆ ಮನೆ ಯಾಕೆ ತಂಪು, ನಮ್ಮ ಆರ್‌ಸಿಸಿ ಮನೆ ಯಾಕೆ ಕಾಯುತ್ತದೆ? ರಾಯಚೂರಿನ ಬಿಸಿಲಿನಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವ ಮಗುವೇ ಈ ಕೆಲಸಕ್ಕೆ ಬೇಕಾದದ್ದು.

ದಾರಿ ಆರಿಸಿ

ಬೇಗ ಕೆಲಸ ಬೇಕಾದರೆ ಐಟಿಐ. ಹೊಲಿಗೆ, ಫ್ಯಾಷನ್ ಡಿಸೈನ್, ಫುಡ್ ಪ್ರೊಡಕ್ಷನ್, ಇಂಟೀರಿಯರ್ ಡಿಸೈನ್, ಇವೆಲ್ಲ ಒಂದು ವರ್ಷದ ಟ್ರೇಡುಗಳು. ಪಾಲಿಟೆಕ್ನಿಕ್ ಡಿಪ್ಲೊಮಾ ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ.

ಪದವಿ ಬೇಕಾದರೆ ಮೊದಲು ಪಿಯುಸಿ. ಬೆಂಗಳೂರಿನ ರಾಷ್ಟ್ರೀಯ ಫ್ಯಾಷನ್ ಸಂಸ್ಥೆ ನಿಫ್ಟ್‌ನಲ್ಲಿ ನಾಲ್ಕು ವರ್ಷದ ವಿನ್ಯಾಸ ಪದವಿಗೆ ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಆಗುತ್ತದೆ, ಆದರೆ ಅಲ್ಲಿನ ಫ್ಯಾಷನ್ ಟೆಕ್ನಾಲಜಿಗೆ ಗಣಿತ ಬೇಕು. ಸರ್ಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಪದವಿಗೆ ಎನ್‌ಸಿಎಚ್‌ಎಂ ಜೆಇಇ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು, ಪಿಯುಸಿಯಲ್ಲಿ ಇಂಗ್ಲಿಷ್ ಒಂದು ವಿಷಯವಾಗಿ ಇರಲೇಬೇಕು. ಕಟ್ಟಡವನ್ನೇ ವಿನ್ಯಾಸ ಮಾಡುವ ಆಸೆ ಇದ್ದರೆ ಅದು ಐದು ವರ್ಷದ ಆರ್ಕಿಟೆಕ್ಚರ್. ಗೊಂದಲ ಇದ್ದರೆ ಪಿಯುಸಿಯಲ್ಲಿ ಗಣಿತ ಬಿಡಬೇಡಿ ಅನ್ನುವುದು ನನ್ನ ಸಲಹೆ.

ಕಾಗದ ಪತ್ರ ಈಗಲೇ ಮಾಡಿಸಿ

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಯ ವ್ಯಾಪ್ತಿಯಲ್ಲಿವೆ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ನಮ್ಮ ಮಕ್ಕಳಿಗೆ ಮೀಸಲು. ಸಹಾಯಕ ಆಯುಕ್ತರ ಕಚೇರಿಯ ಪ್ರಮಾಣಪತ್ರ ಬೇಕು. ರಿಸಲ್ಟ್ ಬಂದ ಮೇಲೆ ಓಡಾಡಿದರೆ ಸಾಲಿನಲ್ಲಿ ನಿಂತೇ ದಿನ ಹೋಗುತ್ತದೆ. ಜಾತಿ, ಆದಾಯ ಪ್ರಮಾಣಪತ್ರವನ್ನೂ ಒಟ್ಟಿಗೇ ಮಾಡಿಸಿಡಿ.

ಫೀಸು ಕಟ್ಟುವ ಮುಂಚೆ

ನಮ್ಮ ಪಕ್ಕದ ಮನೆಯವರು ಮಗನಿಗೆ ‘ಆರು ತಿಂಗಳ ಡಿಪ್ಲೊಮಾ’ ಅಂತ ಒಂದು ಕಡೆ ದೊಡ್ಡ ಮೊತ್ತ ಕಟ್ಟಿದರು. ಆರು ತಿಂಗಳಲ್ಲಿ ಅವನು ಒಲೆ ಹಚ್ಚಿದ್ದು ನಾಲ್ಕೇ ಸಲ. ಉಳಿದ ದಿನ ಬರೀ ನೋಟ್ಸ್. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ. ಐಟಿಐ ಆದರೆ ಡಿಜಿಟಿ (ಕೇಂದ್ರದ ತರಬೇತಿ ಮಹಾನಿರ್ದೇಶನಾಲಯ) ಮಾನ್ಯತೆ, ಡಿಪ್ಲೊಮಾ ಆದರೆ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಅನುಮೋದನೆ ಇದೆಯಾ ಅಂತ ಕಾಗದದಲ್ಲೇ ನೋಡಿ. ಕ್ಲಾಸು ನಡೆಯುವ ದಿನ, ಮಗುವನ್ನೂ ಕರೆದುಕೊಂಡು ಹೋಗಿ. ಎಷ್ಟು ಮಕ್ಕಳಿಗೆ ಎಷ್ಟು ಮಷೀನು ಅಂತ ನೀವೇ ಎಣಿಸಿ. ಸಿಂಕಿನಲ್ಲಿ ಎಂಜಲು ಪಾತ್ರೆ, ಮಷೀನಿನ ಕೆಳಗೆ ದಾರದ ಚೂರು ಕಂಡರೆ ಅಲ್ಲಿ ಕೆಲಸ ನಡೆಯುತ್ತಿದೆ ಅಂತ ಅರ್ಥ. ಕೊನೆಯ ವರ್ಷದ ಮಕ್ಕಳನ್ನು ಗೇಟಿನ ಹೊರಗೆ, ಟೀ ಅಂಗಡಿಯ ಹತ್ತಿರ ಮಾತಾಡಿಸಿ. ‘ಲ್ಯಾಬ್ ನಾಳೆ ತೋರಿಸ್ತೀವಿ, ಇವತ್ತು ಅಡ್ವಾನ್ಸ್ ಕಟ್ಟಿ’ ಅಂದರೆ ದುಡ್ಡು ಕಟ್ಟದೆ ವಾಪಸ್ ಬನ್ನಿ.