ಮನೆ ಕಾವಲಿಗೆ ಕೋವಿ: 12 ಬೋರೋ, 20 ಬೋರೋ?

ಮನೆ ರಕ್ಷಣೆಗೆ ಶಾಟ್‌ಗನ್ ಕೊಳ್ಳುವವರು ಕಣ್ಣುಮುಚ್ಚಿ 12 ಬೋರ್ ಎನ್ನಬೇಡಿ. ಬೋರ್ ಎಂದರೆ ನಳಿಗೆಯ ಅಗಲದ ಅಳತೆ; ಅಂಕಿ ಚಿಕ್ಕದಾದಷ್ಟೂ ನಳಿಗೆ ಅಗಲ. ಅದನ್ನು ಎತ್ತಬೇಕಾಗಿ ಬರಬಹುದಾದ ಮನೆಯವರಲ್ಲಿ ಅತಿ ಸಣಕಲು ಮೈಯವರ ಭುಜ 12 ಬೋರ್ ಹೊಡೆದಾಗ ಹಿಂದಕ್ಕೆ ಕೊಡುವ ಒದೆತ ತಡೆಯುತ್ತದೆಯೇ ನೋಡಿ; ಇಲ್ಲವಾದರೆ 20 ಬೋರ್ ಧಾರಾಳ ಸಾಕು.

ತೋಟಾದಲ್ಲಿ ಹಕ್ಕಿ ಹೊಡೆಯುವ ಸಣ್ಣ ಚರೆ ಬೇಡ, ಆಳಕ್ಕೆ ಇಳಿಯುವುದಿಲ್ಲ. ದಪ್ಪ ಚರೆಯ ಬಕ್‌ಶಾಟ್ ಸರಿ. ಆದರೆ ಅದು ತೆಳು ಗೋಡೆ ತೂರಿ ಪಕ್ಕದ ಕೋಣೆಗೂ ಹೋಗುತ್ತದೆ, ಮಕ್ಕಳು ಮಲಗುವ ಜಾಗ ಮೊದಲೇ ಲೆಕ್ಕ ಹಾಕಿ. ಕೋಣೆಯೊಳಗಿನ ದೂರಕ್ಕೆ ಚರೆ ಹರಡುವುದು ಹೆಚ್ಚುಕಡಿಮೆ ಮುಷ್ಟಿಯಗಲ ಮಾತ್ರ, ಗುರಿ ಹಿಡಿಯಲೇಬೇಕು.

ದಯವಿಟ್ಟು ಎರಡೂ ಬೋರಿನ ತೋಟಾ ಒಟ್ಟಿಗೆ ಇಡಬೇಡಿ. 20ರ ತೋಟಾ 12ರ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ 12ರ ತೋಟಾ ತುಂಬಿ ಹೊಡೆದರೆ ನಳಿಗೆಯೇ ಸಿಡಿಯುತ್ತದೆ. 20ರದಕ್ಕೆ ಹಳದಿ ಬಣ್ಣ ಕೊಟ್ಟಿರುವುದು ಈ ಅಪಾಯ ತಪ್ಪಿಸಲೆಂದೇ.