ನೀರು ಉಳಿದ ಪಾಕ

ನಮ್ಮದು ಮಂಡ್ಯದ ಹತ್ತಿರದ ಹಳ್ಳಿ. ಆಲೆಮನೆ ಇತ್ತು. ಬೆಲ್ಲದ ಪಾಕ ಹದಕ್ಕೆ ಬಂತಾ ಅಂತ ನೋಡೋಕೆ ತಾತ ಒಂದು ತೊಟ್ಟನ್ನು ತಣ್ಣೀರಿಗೆ ಬಿಡುತ್ತಿದ್ದರು. ಬೆರಳಲ್ಲಿ ಉಂಡೆ ಕಟ್ಟಿದರೆ ಕೊಪ್ಪರಿಗೆ ಇಳಿಸಬಹುದು. ಇಲ್ಲದಿದ್ದರೆ ಇನ್ನೂ ನೀರಿದೆ ಅಂತ ಅರ್ಥ.

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಪಿಎಚ್‌ಡಿಗೆ ನಾನು ಹಿಡಿದದ್ದು ಗ್ಲಿಸರಿನ್. 18 ಡಿಗ್ರಿಗೇ ಹೆಪ್ಪುಗಟ್ಟಬೇಕಾದ ವಸ್ತು ಇದು, ಆದರೆ ಸುಲಭಕ್ಕೆ ಕಟ್ಟುವುದಿಲ್ಲ. ತಣ್ಣಗಾದಷ್ಟೂ ಮಂದವಾಗಿ, ಮೈನಸ್ 83ರ ಹತ್ತಿರ ಹರಳಾಗದೆ ಗಾಜಾಗಿಬಿಡುತ್ತದೆ. ಆ ದಾರಿಯಲ್ಲಿ ಅಣುಗಳು ಎಷ್ಟು ನಿಧಾನ ಆಗುತ್ತವೆ ಅಂತ ಎನ್‌ಎಂಆರ್‌ನಲ್ಲಿ (ಆಯಸ್ಕಾಂತದೊಳಗಿಟ್ಟ ವಸ್ತುವಿನ ನ್ಯೂಕ್ಲಿಯಸ್‌ಗಳನ್ನು ರೇಡಿಯೋ ಅಲೆಗಳಿಂದ ಪರೀಕ್ಷಿಸುವ ವಿಧಾನ) ಅಳೆಯೋದು ನನ್ನ ಕೆಲಸ.

ರೇಡಿಯೋ ಪಲ್ಸ್ ಕೊಟ್ಟು ಹೈಡ್ರೋಜನ್ ನ್ಯೂಕ್ಲಿಯಸ್‌ಗಳನ್ನು ತಲೆಕೆಳಗು ಮಾಡುತ್ತೇವೆ. ಅವು ಮತ್ತೆ ಮೊದಲಿನಂತಾಗಲು ಹಿಡಿಯುವ ಸಮಯವೇ ಟಿ1. ಅಣುಗಳು ತುಂಬ ಜೋರಾಗಿ ಅಲುಗಾಡಿದರೂ ತಡ, ತುಂಬ ನಿಧಾನವಾದರೂ ತಡ. ಹಾಗಾಗಿ ಉಷ್ಣತೆ ಬದಲಿಸುತ್ತಾ ಗ್ರಾಫ್ ಹಾಕಿದರೆ ನಡುವೆ ಒಂದು ಕಣಿವೆ ಬರುತ್ತದೆ. ನಾನು ಬಳಸಿದ 20 ಮೆಗಾಹರ್ಟ್ಸ್ ಯಂತ್ರದಲ್ಲಿ ಕಣಿವೆಯ ತಳ ಅಂದರೆ ಅಣು ಹೊರಳೋಕೆ ಸುಮಾರು 5 ನ್ಯಾನೋಸೆಕೆಂಡ್. ಗಾಜಾಗುವ ಹೊತ್ತಿಗೆ ಅದಕ್ಕೇ ನೂರು ಸೆಕೆಂಡ್ ಬೇಕು! 1948ರಲ್ಲಿ ಬ್ಲೂಂಬರ್ಗನ್, ಪರ್ಸೆಲ್, ಪೌಂಡ್ ಎಂಬ ವಿಜ್ಞಾನಿಗಳು ಈ ಲೆಕ್ಕ ಕಟ್ಟಿದಾಗ ಅವರೂ ಗ್ಲಿಸರಿನ್ ಅಳೆದಿದ್ದರು.

ನನ್ನ ಕಣಿವೆ ಮಾತ್ರ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಕೆಲವು ಡಿಗ್ರಿ ಕೆಳಗೆ ಸರಿದಿತ್ತು. ಎರಡು ವಾರ ಸುಮ್ನೆ ಉಷ್ಣತೆ ಅಳೆಯುವ ಥರ್ಮೋಕಪಲ್ ಮೇಲೆ ಗೂಬೆ ಕೂರಿಸಿದೆ. ಅದನ್ನು ಕರಗುತ್ತಿರುವ ಐಸ್‌ಗೆ ಅದ್ದಿದರೆ ನೆಟ್ಟಗೆ ಸೊನ್ನೆ ತೋರಿಸಿತು, ಪಾಪ. ಆಮೇಲೆ ಬಾಟಲಿ ಕಡೆ ಕಣ್ಣು ಹೋಯಿತು. ಮುಚ್ಚಳ ಅರ್ಧ ಸುತ್ತಿದ್ದೆ ಅಷ್ಟೇ. ಹೊರಗೆ ಜುಲೈ ತಿಂಗಳ ಸೋನೆ. ಗ್ಲಿಸರಿನ್ ಗಾಳಿಯ ತೇವ ಹೀರಿಕೊಳ್ಳುತ್ತದೆ ಅಂತ ನನಗೆ ಗೊತ್ತಿತ್ತು, ಅದೇ ನಾಚಿಕೆ. ನೀರು ಸೇರಿದರೆ ಅಣುಗಳ ಓಡಾಟ ಸಲೀಸು. ಹಾಗಾಗಿ ಅವು ನಿಧಾನ ಆಗಬೇಕಾದರೆ ಇನ್ನೂ ಜಾಸ್ತಿ ತಣ್ಣಗೆ ಮಾಡಬೇಕು.

ಹೊಸ ಬಾಟಲಿ ತೆರೆದೆ. ಗ್ಲಿಸರಿನ್ ಕೊಳವೆಗೆ ಹಾಕಿ, ಬೆಚ್ಚಗೆ ಮಾಡಿ ವ್ಯಾಕ್ಯೂಮ್ ಪಂಪ್ ಹಾಕಿದೆ. ಕೊಪ್ಪರಿಗೆಯಲ್ಲಿ ಉಕ್ಕುವ ಹಾಗೆ ಬುಳಬುಳ ನೊರೆ ಎದ್ದಿತು. ನೀರಿನ ಜೊತೆ ಕರಗಿದ ಆಕ್ಸಿಜನ್ನೂ ಹೋಗಬೇಕು, ಅದು ಕಾಂತೀಯ, ಟಿ1 ಕಡಿಮೆ ಮಾಡುತ್ತದೆ. ನೊರೆ ಪೂರ್ತಿ ನಿಲ್ಲೋವರೆಗೂ ಕಾದು, ಕೊಳವೆಯ ಬಾಯಿಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿದೆ. ಅವಸರದಲ್ಲಿ ತಣ್ಣಗೆ ಮಾಡಿ ಎರಡು ಕೊಳವೆ ಸೀಳಿದ್ದೂ ಉಂಟು.

ಮೂರನೆಯದರಲ್ಲಿ ಕಣಿವೆ ತನ್ನ ಜಾಗಕ್ಕೆ ಬಂತು. ಊರಿಗೆ ಫೋನ್ ಮಾಡಿ ಹೇಳಿದರೆ ತಾತ, "ನೀರು ಉಳ್ದಿತ್ತು ಅನ್ನು. ಇಳಿಸೋಕೆ ಮುಂಚೆ ನೋಡ್ಬಾರ್ದೇನ್ಲಾ?" ಅಂದರು.